ಸಂಪ್ರದಾಯನಿಷ್ಠರ ಓದು: ಹಾಸನ ಸೀಮೆಯ ನಾಲ್ಕು ನೆಲೆಗಳು

ಪೀಠಿಕೆ

ಕನ್ನಡದಲ್ಲಿ ಸಾಹಿತ್ಯ ಚರಿತ್ರೆಯೆಂದರೆ ಬಹುಮಟ್ಟಿಗೆ ಬರೆದವರ ಚರಿತ್ರೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂಬ ವಿಭಾಗಕ್ರಮ ರೂಪುಗೊಂಡದ್ದು ಬರಹಗಾರರ ನಿಲುವುಗಳನ್ನು ಆಧರಿಸಿ. ಓದುಗರಾದರೋ ಈ ಕ್ರಮಕ್ಕೆ ಬದ್ಧರಾಗಿ ಓದಿದವರಲ್ಲ. ವಿಶೇಷವಾಗಿ ತಮ್ಮನ್ನು ಸಂಪ್ರದಾಯನಿಷ್ಠರೆಂದು ತಿಳಿದುಕೊಂಡ, ರಾಜಕೀಯದಲ್ಲಿಯೂ ಆ ನಿಷ್ಠೆಯನ್ನು ಪ್ರಕಟಿಸಿದ ಜನರು ಏನನ್ನು ಓದಿದರು, ಹೇಗೆ ಓದಿದರು ಎಂಬ ಪ್ರಶ್ನೆಯನ್ನು ನಮ್ಮ ವಿದ್ವತ್ ವಲಯ ಗಂಭೀರವಾಗಿ ಕೇಳಿಕೊಂಡದ್ದು ಕಡಿಮೆ. ಒಪ್ಪದವರು ಅವರ ಓದನ್ನು ಓದೇ ಅಲ್ಲವೆಂದು ತಳ್ಳಿಹಾಕಿದರು. ಒಪ್ಪಿದವರು ಅದನ್ನು ಪರಿಶೀಲನೆಗೆ ಒಡ್ಡಲಿಲ್ಲ. ಹೀಗಾಗಿ ಒಂದು ದೊಡ್ಡ ಓದುಗ ಸಮುದಾಯದ ಮನೋಲೋಕ ನಮ್ಮ ಅಧ್ಯಯನದ ಹೊರಗೇ ಉಳಿದಿದೆ.

ಪ್ರಸ್ತುತ ಲೇಖನದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಈ ನಾಲ್ಕು ನೆಲೆಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಈ ಸೀಮೆ ಹಳೆಯ ಮೈಸೂರಿನ ಒಕ್ಕಲು ಸಂಸ್ಕೃತಿ, ಅಗ್ರಹಾರ ಸಂಸ್ಕೃತಿ, ಜೈನ ಮತ್ತು ವೀರಶೈವ ಪರಂಪರೆಗಳು ಒಂದರ ಪಕ್ಕದಲ್ಲೊಂದು ಬೆಳೆದುಬಂದ ಪ್ರದೇಶವಾದ್ದರಿಂದ, ಸಂಪ್ರದಾಯವೆಂಬುದು ಇಲ್ಲಿ ಎಂದೂ ಏಕವಚನವಾಗಿರಲಿಲ್ಲ. ಈ ಅಂಶವನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳುವುದು ಅಗತ್ಯ.

ಓದು ಎಂಬ ಶಬ್ದ

ಜಾನಪದದ ದೃಷ್ಟಿಯಿಂದ ‘ಓದು’ ಎಂಬ ಶಬ್ದವನ್ನೇ ಮೊದಲು ಪರಿಶೀಲಿಸಬೇಕಾಗುತ್ತದೆ. ಈ ಸೀಮೆಯ ಮದುವೆ ಮನೆಗಳಲ್ಲಿ ಮುಯ್ಯಿ ‘ಓದಿಸುವ’ ಪದ್ಧತಿಯಿದೆ. ಯಾರು ಏನು ಕೊಟ್ಟರೆಂಬುದನ್ನು ನೆರೆದ ಜನರೆದುರು ಗಟ್ಟಿಯಾಗಿ ಸಾರುವುದೇ ಇಲ್ಲಿ ಓದು. ಯುಗಾದಿಯಂದು ದೇವಸ್ಥಾನದಲ್ಲಿ ಪಂಚಾಂಗವನ್ನು ಓದುತ್ತಾರೆ. ಊರು ಕುಳಿತು ಕೇಳುತ್ತದೆ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕನ್ನಡನಾಡಿನ ಉದ್ದಗಲಕ್ಕೂ ಇರುವಂತೆ ಇಲ್ಲಿಯೂ ಇತ್ತು. ಈ ಎಲ್ಲ ಪ್ರಯೋಗಗಳಲ್ಲಿ ಓದು ಎಂಬುದು ಒಬ್ಬನು ಮೌನವಾಗಿ ಪುಟ ತಿರುವುವ ಕ್ರಿಯೆಯಲ್ಲ. ಅದು ಹಲವರ ಸಮಕ್ಷಮದಲ್ಲಿ ನಡೆಯುವ ಸಾರ್ವಜನಿಕ ಕಾರ್ಯ.

ಕುಮಾರವ್ಯಾಸನ ಭಾರತ ಮತ್ತು ಲಕ್ಷ್ಮೀಶನ ಜೈಮಿನಿ ಭಾರತಗಳು ಈ ಸೀಮೆಯನ್ನು ತಲುಪಿದ್ದು ಇದೇ ಮಾರ್ಗವಾಗಿ. ಅಕ್ಷರ ಬಲ್ಲ ಒಬ್ಬನು ಪದ್ಯವನ್ನು ರಾಗವಾಗಿ ಓದಿದರೆ ಇನ್ನೊಬ್ಬನು ಅದಕ್ಕೆ ಅರ್ಥ ಹೇಳುವನು. ಇವರಿಬ್ಬರ ಸುತ್ತ ಜಗಲಿಯ ಮೇಲೆ, ಅರಳಿಕಟ್ಟೆಯಲ್ಲಿ, ರಾಮಮಂದಿರದಲ್ಲಿ ಎಲ್ಲ ಬಗೆಯ ಕೇಳುಗರೂ ಇರುತ್ತಿದ್ದರು. ಈ ಸಭೆಗಳಲ್ಲಿಯೂ ಯಾರು ಎಲ್ಲಿ ಕೂರಬೇಕೆಂಬ ಜಾತಿಯ ಗೆರೆ ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಕಿವಿಗೆ ಗೆರೆ ಎಳೆಯಲಾಗುವುದಿಲ್ಲ. ಕರ್ಣನಿಗಾದದ್ದು ನ್ಯಾಯವೆ, ದ್ರೌಪದಿ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಭೀಷ್ಮನು ಕೊಟ್ಟ ಉತ್ತರ ಉತ್ತರವೆ ಎಂಬ ವಾದಗಳು ಓದು ಮುಗಿದ ಮೇಲೂ ಮುಂದುವರಿಯುತ್ತಿದ್ದವು. ಅರ್ಥ ಹೇಳುವವನು ಕೇಳುಗರೆದುರು ಉತ್ತರದಾಯಿಯಾಗಿದ್ದನೆಂಬುದು ಈ ಪದ್ಧತಿಯ ಮುಖ್ಯ ಲಕ್ಷಣ.

ಇದೇ ಜಿಲ್ಲೆಯ ಸಕಲೇಶಪುರದವರಾದ, ‘ಜಾನಪದ ಜಂಗಮ’ರೆಂದು ಹೆಸರಾದ ಎಸ್.ಕೆ. ಕರೀಂಖಾನರನ್ನು ಇಲ್ಲಿ ನೆನೆಯುವುದು ಸೂಕ್ತ. 2006ರಲ್ಲಿ ನಿಧನರಾದ ಅವರು ಜನಪದ ಗೀತೆಗಳ ಸಂಗ್ರಾಹಕರಾಗಿದ್ದಂತೆಯೇ ರಾಮಾಯಣ, ಮಹಾಭಾರತಗಳ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಮಾಡಬಲ್ಲವರಾಗಿದ್ದರು. ಅವರ ಮಾತು ಕೇಳಲು ನೆರೆಯುತ್ತಿದ್ದವರಲ್ಲಿ ಆಚಾರವಂತ ಹಿಂದೂ ಗೃಹಸ್ಥರೂ ಇದ್ದರು. ಕಾವ್ಯ ಯಾರದು ಎನ್ನುವುದಕ್ಕಿಂತ ಅರ್ಥ ಸರಿಯಾಗಿ ಹೇಳಿದರೆ ಎನ್ನುವುದನ್ನು ನೋಡುವ ಕೇಳುಗರ ಸಮುದಾಯವೊಂದು ಇಲ್ಲಿತ್ತೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ಹೊಳೆನರಸೀಪುರ: ಮೂಲಕ್ಕೆ ಮರಳಿದ ಓದು

ಸಂಪ್ರದಾಯನಿಷ್ಠ ಓದು ಮುದ್ರಣಯುಗಕ್ಕೆ ಹೊರಳಿದ ಬಗೆಯನ್ನು ತಿಳಿಯಲು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನೋಡಬೇಕು. ಶಾಲಾ ಉಪಾಧ್ಯಾಯರಾಗಿದ್ದ ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. 1937ರಲ್ಲಿ ಅದು ಹೇಮಾವತಿಯ ದಡದ ಈ ಊರಿಗೆ ಬಂದಿತು. 1948ರಲ್ಲಿ ಸಂನ್ಯಾಸ ಸ್ವೀಕರಿಸಿದ ಅವರು ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಪ್ರಸಿದ್ಧರಾಗಿ 1975ರವರೆಗೆ ಬರೆಯುತ್ತಲೇ ಇದ್ದರು. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ ಶಾಂಕರಭಾಷ್ಯಗಳು ಕನ್ನಡಾನುವಾದದೊಡನೆ, ಸಾಮಾನ್ಯ ಗೃಹಸ್ಥನು ಕೊಳ್ಳಬಹುದಾದ ಬೆಲೆಗೆ ಇಲ್ಲಿಂದ ಹೊರಬಂದವು.

ಈ ಕಾರ್ಯವನ್ನು ಕೇವಲ ಸಂಪ್ರದಾಯ ರಕ್ಷಣೆಯೆಂದು ಹೇಳಿ ಮುಂದೆ ಸಾಗುವಂತಿಲ್ಲ. ಗುರುಮುಖದಿಂದ, ಅಧಿಕಾರಿಗಳಿಗಷ್ಟೇ ಎಂದು ಕಟ್ಟುಪಾಡಿದ್ದ ವಿದ್ಯೆಯನ್ನು ಅಂಚೆಯ ಮೂಲಕ ಅಂಗಡಿಯವನ ಮನೆಗೂ ಕಳುಹಿಸಿದ್ದು ಸಣ್ಣ ಬದಲಾವಣೆಯಲ್ಲ. ಅದಕ್ಕಿಂತ ಮುಖ್ಯವಾದುದು 1929ರಲ್ಲಿ ಅವರು ಸಂಸ್ಕೃತದಲ್ಲಿ ಪ್ರಕಟಿಸಿದ ‘ಮೂಲಾವಿದ್ಯಾನಿರಾಸ’ ಎಂಬ ಗ್ರಂಥ. ಶಂಕರರ ನಂತರದ ವ್ಯಾಖ್ಯಾನಕಾರರು ಶತಮಾನಗಳ ಕಾಲ ಪ್ರತಿಪಾದಿಸುತ್ತ ಬಂದಿದ್ದ ಮೂಲಾವಿದ್ಯೆಯ ಕಲ್ಪನೆ ಶಂಕರರದೇ ಅಲ್ಲವೆಂದು ಅವರು ಅಲ್ಲಿ ವಾದಿಸಿದರು. ಪರಂಪರೆಯಿಂದ ಬಂದದ್ದೆಲ್ಲವೂ ಪ್ರಮಾಣವಲ್ಲ, ಮೂಲಗ್ರಂಥದೊಡನೆ ಹೋಲಿಸಿ ನೋಡಬೇಕು ಎಂಬುದು ಆ ವಾದದ ಒಳತಿರುಳು. ಪಂಡಿತವಲಯದಲ್ಲಿ ಇದಕ್ಕೆ ತೀವ್ರ ವಿರೋಧ ಬಂದಿತು. ಪರಂಪರೆಗೆ ಅತ್ಯಂತ ನಿಷ್ಠನಾದವನೇ ಪರಂಪರೆಯ ಬಹುಭಾಗವನ್ನು ಪ್ರಶ್ನಿಸಬೇಕಾಗಿ ಬಂದ ಈ ಪ್ರಸಂಗ, ಸಂಪ್ರದಾಯವಾದವನ್ನು ಪ್ರಶ್ನಾರಹಿತ ಒಪ್ಪಿಗೆಯೆಂದು ತಿಳಿಯುವವರಿಗೂ ಹಾಗೆಯೇ ಇರಬೇಕೆಂದು ಬಯಸುವವರಿಗೂ ಸಮಾನವಾಗಿ ಉತ್ತರವಾಗಿದೆ.

ಇಂಥದೇ ಇನ್ನೊಂದು ಉದ್ಯಮವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಾಣುತ್ತೇವೆ. ಪೂಜೆಗೆ ಮಾತ್ರ ಸಲ್ಲುತ್ತಿದ್ದ ಧವಲಾ ಮೊದಲಾದ ಪ್ರಾಕೃತ ಸಿದ್ಧಾಂತ ಗ್ರಂಥಗಳು ಅಲ್ಲಿನ ಪ್ರಾಕೃತ ಅಧ್ಯಯನ ಸಂಸ್ಥೆಯ ಮೂಲಕ ಕನ್ನಡದಲ್ಲಿ ಓದಿಗೆ ದೊರೆಯುವಂತಾದವು.

ಅರಕಲಗೂಡು: ಒಪ್ಪಿದ್ದು ಮತ್ತು ಒಪ್ಪದ್ದು

ಓದಿನ ಚರಿತ್ರೆಯಲ್ಲಿ ನಿರಾಕರಣೆಯೂ ಒಂದು ಅಧ್ಯಾಯ. ಇದಕ್ಕೆ ಅರಕಲಗೂಡು ಮನೆತನದ ಅ.ನ. ಕೃಷ್ಣರಾಯರು ಉತ್ತಮ ನಿದರ್ಶನ. ಸಂಗೀತಗಾರನೊಬ್ಬನ ಬಾಳನ್ನು ಕುರಿತ ಅವರ ‘ಸಂಧ್ಯಾರಾಗ’ವನ್ನು ಸಂಪ್ರದಾಯಸ್ಥ ಕುಟುಂಬಗಳು ಆದರದಿಂದ ಓದಿದವು. ಅರಕಲಗೂಡು ತಾಲ್ಲೂಕಿನಲ್ಲಿಯೇ ಇರುವ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರಂತಹ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಕೊಟ್ಟ ಗ್ರಾಮವೆಂಬುದನ್ನು ನೆನೆದರೆ, ಸಂಗೀತವನ್ನು ಕುರಿತ ಕಾದಂಬರಿಗೆ ಇಲ್ಲಿ ಸಿದ್ಧವಾದ ಮನಸ್ಸು ಇತ್ತೆಂಬುದು ಸಹಜವಾಗಿಯೇ ತಿಳಿಯುತ್ತದೆ.

ಅದೇ ಅನಕೃ ವೇಶ್ಯಾಜೀವನವನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳನ್ನು ಬರೆದಾಗ ಅಶ್ಲೀಲತೆಯ ಆರೋಪ ಎದುರಾಯಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದು, ನಮ್ಮ ಪ್ರಾಚೀನ ಸಾಹಿತ್ಯದ ನಿದರ್ಶನಗಳಿಂದ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಈ ವಿವಾದದಲ್ಲಿ ಗಮನಿಸಬೇಕಾದುದೆಂದರೆ ಎರಡು ಪಕ್ಷಗಳೂ ಸಂಪ್ರದಾಯವನ್ನೇ ಸಾಕ್ಷಿಗೆ ಕರೆದವೆಂಬುದು. ಆಕ್ಷೇಪಿಸಿದವರು ಮನೆತನದ ಮರ್ಯಾದೆಯನ್ನು ಮುಂದಿಟ್ಟರೆ, ಬರೆದವರು ಕಾವ್ಯಪರಂಪರೆಯ ಶೃಂಗಾರವನ್ನು ಮುಂದಿಟ್ಟರು. ಯಾವ ಸಂಪ್ರದಾಯ ಎಂಬ ಪ್ರಶ್ನೆ ಅಲ್ಲಿಂದೀಚೆಗೆ ಮತ್ತೆ ಮತ್ತೆ ಎದ್ದಿದೆ.

ಹಾಸನ: ರಾಜಕಾರಣ ಮತ್ತು ಪುಸ್ತಕ

ಹಾಸನದ ರಾಜಕೀಯ ಚರಿತ್ರೆಯಲ್ಲಿ ಇಂದು ಬಹುಮಂದಿ ಮರೆತಿರುವ ಒಂದು ಸಂಗತಿಯಿದೆ. 1967ರ ಲೋಕಸಭಾ ಚುನಾವಣೆಯಲ್ಲಿ ಈ ಕ್ಷೇತ್ರದಿಂದ ಆರಿಸಿಬಂದವರು ಸ್ವತಂತ್ರ ಪಕ್ಷದ ಎನ್. ಶಿವಪ್ಪನವರು. ರಾಜಾಜಿಯವರು 1959ರಲ್ಲಿ ಕಟ್ಟಿದ ಈ ಪಕ್ಷ ಸರ್ಕಾರದ ಅತಿಯಾದ ಹಸ್ತಕ್ಷೇಪವನ್ನು, ಪರವಾನಗಿ ವ್ಯವಸ್ಥೆಯನ್ನು, ಸಹಕಾರಿ ಬೇಸಾಯದ ಯೋಜನೆಯನ್ನು ವಿರೋಧಿಸಿತ್ತು. ತನ್ನ ಹೊಲ ತನ್ನದಾಗಿಯೇ ಇರಬೇಕೆನ್ನುವ ಒಕ್ಕಲಿಗನಿಗೆ ಈ ಮಾತು ದೂರದ್ದಾಗಿರಲಿಲ್ಲ. ಪಕ್ಷ 1974ರಲ್ಲಿ ಬೇರೊಂದು ಪಕ್ಷದಲ್ಲಿ ವಿಲೀನವಾಯಿತು. ಜಿಲ್ಲೆಯ ರಾಜಕಾರಣ ಮುಂದೆ, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದಿದ್ದ ಎಚ್.ಡಿ. ದೇವೇಗೌಡರ ಸುತ್ತ ಬೆಳೆಯಿತು.

ಆ ಬಗೆಯ ಮಿತವಾದಿ ಸಂಪ್ರದಾಯನಿಷ್ಠೆಗೆ ಕನ್ನಡದಲ್ಲಿ ದೊರೆತ ಅತ್ಯುತ್ತಮ ಲೇಖಕರೆಂದರೆ ಡಿ.ವಿ. ಗುಂಡಪ್ಪನವರು. ಗೋಖಲೆಯವರ ಅನುಯಾಯಿಯಾಗಿ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಅವರಿಗೆ ಪ್ರಜಾರಾಜ್ಯವೂ ಧರ್ಮವೂ ಪರಸ್ಪರ ವಿರೋಧಿಗಳಾಗಿ ಕಾಣಲಿಲ್ಲ. 1943ರಲ್ಲಿ ಪ್ರಕಟವಾದ, 945 ಪದ್ಯಗಳ ‘ಮಂಕುತಿಮ್ಮನ ಕಗ್ಗ’ ಗೃಹಸ್ಥರ ನಿತ್ಯಪಾರಾಯಣದ ಗ್ರಂಥವೇ ಆಗಿದೆ. ಕಗ್ಗವನ್ನು ಓದಿ ಅರ್ಥ ಹೇಳುವ ಸಭೆಗಳು ಹಳೆಯ ಗಮಕ ಸಭೆಗಳ ಜಾಗವನ್ನು ಹಲವೆಡೆ ತುಂಬಿವೆ. ಕಗ್ಗದಲ್ಲಿ ಸಂಶಯಕ್ಕೂ ಒಂದು ಗೌರವದ ಸ್ಥಾನವಿದೆ. ಉತ್ತರವಿಲ್ಲದ ಪ್ರಶ್ನೆಗಳನ್ನು ಹಾಗೆಯೇ ಉಳಿಸುವ ಧೈರ್ಯವಿದೆ. ಅದನ್ನು ಓದುವವನು ಅಧೀರನೂ ಆಗುವುದಿಲ್ಲ, ಉಗ್ರನೂ ಆಗುವುದಿಲ್ಲ.

ಇದಕ್ಕೆ ಸಮಾನಾಂತರವಾಗಿ ಸಂಘಟಿತ ಓದಿನ ಇನ್ನೊಂದು ಧಾರೆ ಬೆಳೆಯಿತು. 1948ರಲ್ಲಿ ಆರಂಭವಾದ ‘ವಿಕ್ರಮ’ ವಾರಪತ್ರಿಕೆ, 1965ರಲ್ಲಿ ಹುಟ್ಟಿದ ರಾಷ್ಟ್ರೋತ್ಥಾನ ಪರಿಷತ್ತು ಮತ್ತು ಅದರ ‘ಉತ್ಥಾನ’ ಮಾಸಪತ್ರಿಕೆ, 1970ರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ‘ಭಾರತ-ಭಾರತಿ’ ಪುಸ್ತಕಮಾಲೆ ಇವು ಆ ಧಾರೆಯ ಮುಖ್ಯ ಆಕರಗಳು. ಜೇಬಿನಲ್ಲಿ ಹಿಡಿಸುವ ಗಾತ್ರದ ಭಾರತ-ಭಾರತಿಯ 510 ಪುಸ್ತಕಗಳು ಸಂತರು, ರಾಜರು, ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರ ಬದುಕನ್ನು ಮಕ್ಕಳಿಗೆ ಸರಳವಾಗಿ ಹೇಳಿದವು. ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದ ಕಡೆಯೂ ಇವು ತಲುಪಿದವು. ಒಂದು ಪೀಳಿಗೆಯ ಚರಿತ್ರೆಯ ಕಲ್ಪನೆ ರೂಪುಗೊಂಡದ್ದರಲ್ಲಿ ಪಠ್ಯಪುಸ್ತಕದಷ್ಟೇ ಪಾಲು ಈ ಮಾಲೆಗೂ ಇದೆಯೆಂದು ನನ್ನ ಅಭಿಪ್ರಾಯ. ಚರಿತ್ರೆಯನ್ನು ವೀರರ ಮಾಲೆಯಾಗಿ ಕಾಣುವ ಕ್ರಮ ಇಲ್ಲಿ ನೆಲೆಗೊಂಡಿತು.

ಚನ್ನರಾಯಪಟ್ಟಣ: ಭೈರಪ್ಪನವರ ಓದುಗರು

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿದ ಎಸ್.ಎಲ್. ಭೈರಪ್ಪನವರು ಸಂಪ್ರದಾಯನಿಷ್ಠ ಓದುಗರ ಅತ್ಯಂತ ಪ್ರೀತಿಯ ಕಾದಂಬರಿಕಾರರೆಂಬುದು ಸರ್ವವಿದಿತ. ಆದರೆ ಅವರ ಕೃತಿಗಳನ್ನು ಕ್ರಮವಾಗಿ ಓದಿದವರಿಗೆ ಒಂದು ವಿರೋಧಾಭಾಸ ಎದುರಾಗುತ್ತದೆ. ‘ವಂಶವೃಕ್ಷ’ದಲ್ಲಿ (1965) ಶುದ್ಧ ವಂಶವೆಂಬ ನಂಬಿಕೆಯ ಬುಡವೇ ಅಲುಗುತ್ತದೆ. ‘ಗೃಹಭಂಗ’ದಲ್ಲಿ (1970) ರಾಮಸಂದ್ರವೆಂಬ ಹಳ್ಳಿಯ ಶ್ಯಾನುಭೋಗರ ಮನೆ ಕುಸಿಯುವುದು ಹೊರಗಿನ ಶತ್ರುವಿನಿಂದಲ್ಲ, ಒಳಗಿನ ಜಡತೆ, ಬಾಯಿಬಡುಕತನ, ಹೊಣೆಗೇಡಿತನಗಳಿಂದ. ಗಂಡನ ಬದಲಾಗಿ ಊರಿನ ಲೆಕ್ಕ ಬರೆದು ಸಂಸಾರವನ್ನು ನಡೆಸುವ ನಂಜಮ್ಮ ಬರ, ಪ್ಲೇಗುಗಳ ನಡುವೆ ಒಬ್ಬಂಟಿಯಾಗಿ ಹೋರಾಡುತ್ತಾಳೆ. 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದಾಟು’ (1973) ಜಾತಿಯ ಗೋಡೆಗಳನ್ನು ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ‘ಪರ್ವ’ (1979) ಮಹಾಭಾರತದ ಪಾತ್ರಗಳಿಂದ ದೈವತ್ವವನ್ನೇ ಕಳಚಿತು. ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗೆ ಇದು ಸಹಿಸಲಸಾಧ್ಯವಾಗಬೇಕಿತ್ತು. ಆದರೂ ಆ ಓದುಗರು ‘ಪರ್ವ’ವನ್ನು ಕೈಬಿಡಲಿಲ್ಲ. ಜಗಲಿಯ ವಾದಗಳನ್ನು ಬಲ್ಲ ಓದುಗನಿಗೆ ಪಾತ್ರಗಳನ್ನು ಪ್ರಶ್ನಿಸುವುದು ಹೊಸದಲ್ಲವೆಂಬುದೇ ಇದಕ್ಕೆ ಕಾರಣವಿರಬಹುದು.

2006ರಲ್ಲಿ ಟಿಪ್ಪುಸುಲ್ತಾನನನ್ನು ಕುರಿತು ಕನ್ನಡ ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದ ನಡೆಯಿತು. ಭೈರಪ್ಪ, ಗಿರೀಶ ಕಾರ್ನಾಡ ಮೊದಲಾದವರು ಅದರಲ್ಲಿ ಪಾಲ್ಗೊಂಡರು. ಮರುವರ್ಷ ‘ಆವರಣ’ ಪ್ರಕಟವಾಯಿತು. ಅದರ ಮುದ್ರಣಗಳು ಒಂದರ ಹಿಂದೊಂದು ಬಂದವು. ಪರವಾಗಿಯೂ ವಿರೋಧವಾಗಿಯೂ ಪ್ರತ್ಯೇಕ ಪುಸ್ತಕಗಳೇ ಹೊರಟವು. ನಮ್ಮ ವಿಷಯಕ್ಕೆ ಪ್ರಸ್ತುತವಾದ ಅಂಶವೆಂದರೆ ‘ಆವರಣ’ ಮೂಲತಃ ಓದನ್ನು ಕುರಿತ ಕಾದಂಬರಿ ಎಂಬುದು. ಅದರ ನಾಯಕಿ ತಂದೆಯ ಮರಣಾನಂತರ ಹಳ್ಳಿಗೆ ಬಂದು, ಅವರು ಕೂಡಿಟ್ಟಿದ್ದ ಚರಿತ್ರೆಯ ಪುಸ್ತಕಗಳನ್ನು ಓದಿ, ತಾನೂ ಒಂದು ಕಾದಂಬರಿ ಬರೆಯುತ್ತಾಳೆ. ಆಧಾರಗ್ರಂಥಗಳ ಪಟ್ಟಿಯೂ ಕಾದಂಬರಿಯೊಳಗೇ ಬರುತ್ತದೆ.

ಇಲ್ಲಿಯೇ ಓದಿನ ಸ್ವರೂಪದಲ್ಲಿ ಮಹತ್ವದ ಪಲ್ಲಟವನ್ನು ಗುರುತಿಸಬಹುದು. ‘ಗೃಹಭಂಗ’ವನ್ನು ಓದಿದವರು ಅದರಲ್ಲಿ ತಮ್ಮ ಅಜ್ಜಿಯರನ್ನು ಕಂಡರು. ‘ಆವರಣ’ವನ್ನು ಬಹುಮಂದಿ ಚರಿತ್ರೆಯ ಆಕರವೆಂದು ಓದಿದರು. ಕಾದಂಬರಿಗೆ ಗ್ರಂಥಸೂಚಿಯಿದ್ದರೆ ಅದು ಮತ್ತಷ್ಟು ಓದಿಗೆ ಬಾಗಿಲು. ಅದನ್ನು ಪ್ರಮಾಣಪತ್ರವೆಂದು ಭಾವಿಸಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಕಾದಂಬರಿಯನ್ನು ಟೀಕಿಸಿದವರಲ್ಲಿಯೂ ಕೆಲವರು ಅದನ್ನು ಪೂರ್ತಿ ಓದದೆ ಮಾತನಾಡಿದರೆಂಬ ದೂರು ಕೇಳಿಬಂದಿತು. ಎರಡೂ ಕಡೆ ಹಾನಿಯಾದದ್ದು ಓದಿಗೆ.

ಜಾನಪದವನ್ನು ಸಾಕ್ಷಿಗೆ ಕರೆದಾಗ

ಈ ಪಲ್ಲಟದ ಮುಂದಿನ ಘಟ್ಟವನ್ನು 2022-23ರ ಉರಿಗೌಡ-ನಂಜೇಗೌಡ ಪ್ರಕರಣದಲ್ಲಿ ಕಾಣುತ್ತೇವೆ. ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕ 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ ಪ್ರದರ್ಶಿತವಾಯಿತು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬಿಬ್ಬರು ಒಕ್ಕಲಿಗ ವೀರರು ಎಂಬ ಪ್ರತಿಪಾದನೆ ಅದರೊಡನೆ ಪ್ರಚಾರಕ್ಕೆ ಬಂದು, ಚುನಾವಣೆಯ ಹೊಸ್ತಿಲಲ್ಲಿ ರಾಜಕೀಯ ವೇದಿಕೆಗಳನ್ನು ಏರಿತು. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಬ್ರಿಟಿಷ್ ಸೈನ್ಯದೆದುರು ಹೋರಾಡುತ್ತ ಮಡಿದನೆಂಬುದು ಸಮಕಾಲೀನ ದಾಖಲೆಗಳಿಂದ ಸಿದ್ಧವಾದ ಸಂಗತಿ. ಇದಕ್ಕೆ ಪ್ರತಿಯಾಗಿ ಜನರ ಬಾಯಲ್ಲಿದೆ, ಲಾವಣಿಯಲ್ಲಿದೆ ಎಂಬ ಮಾತುಗಳು ಕೇಳಿಬಂದವು.

ಜಾನಪದ ವಿದ್ಯಾರ್ಥಿಯಾದವನು ಇಲ್ಲಿ ಸ್ಪಷ್ಟವಾಗಿ ಮಾತನಾಡಬೇಕಾಗುತ್ತದೆ. ಮೌಖಿಕ ಆಕರವನ್ನು ಚರಿತ್ರೆಗೆ ಬಳಸಬಾರದೆಂದಲ್ಲ, ಬಳಸುವುದಕ್ಕೆ ಕ್ರಮವಿದೆ. ಹಾಡಿದವರು ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ, ಯಾರಿಂದ ಕಲಿತರು, ಪಾಠಾಂತರಗಳೆಷ್ಟು ಎಂಬುದನ್ನು ದಾಖಲಿಸದ ಹೊರತು ಅದು ಆಕರವೆನಿಸದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಗ್ರಹಿಸಿದ ಕಾಲದಿಂದಲೂ ಈ ಸೀಮೆಯಲ್ಲಿ ಹಾಡು ಹುಡುಕಿಕೊಂಡು ಹಾಡುವವರ ಮನೆಗೇ ಹೋಗುವ ಪದ್ಧತಿಯಿದೆ. ಹಾಡುವವರಿಲ್ಲದ ಲಾವಣಿಯನ್ನು ಸಾಕ್ಷಿಗೆ ಕರೆಯುವುದು ಜಾನಪದಕ್ಕೆ ಸಲ್ಲುವ ಗೌರವವಲ್ಲ.

ಈ ಪ್ರಕರಣ ನಿಂತ ಬಗೆಯೂ ಗಮನಾರ್ಹ. ಸಚಿವರಾಗಿದ್ದ ಮುನಿರತ್ನ ಅವರು ಇದೇ ಕಥೆಯನ್ನು ಚಲನಚಿತ್ರ ಮಾಡಹೊರಟಿದ್ದರು. 2023ರ ಮಾರ್ಚಿನಲ್ಲಿ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದ ಮೇಲೆ ಅವರು ಆ ಯೋಜನೆಯನ್ನು ಕೈಬಿಟ್ಟರು. ಶಾಸನ, ದಾಖಲೆಗಳಂತಹ ಆಧಾರಗಳು ದೊರೆಯುವವರೆಗೆ ಇದನ್ನು ಮುಂದುವರಿಸಬಾರದೆಂಬುದು ಸ್ವಾಮೀಜಿಯವರ ನಿಲುವಾಗಿತ್ತು. ಒಕ್ಕಲಿಗರ ಹೆಸರಿನಲ್ಲಿ ಕಟ್ಟಲಾದ ಕಥೆಗೆ ಆಧಾರ ಕೇಳಿದ್ದು ಒಕ್ಕಲಿಗ ಪರಂಪರೆಯ ಮಠವೇ. ಮೂಲಾವಿದ್ಯೆಯನ್ನು ಕುರಿತ 1929ರ ವಾದವನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಮೂಲವನ್ನು ತೋರಿಸು ಎಂದು ಕೇಳುವುದೂ ಸಂಪ್ರದಾಯದ ಒಂದು ಗುಣವೇ.

2025ರ ಸೆಪ್ಟೆಂಬರ್

ಹಾಸನ ಜಿಲ್ಲೆಯ ಓದಿನ ಚರಿತ್ರೆಯಲ್ಲಿ 2025ರ ಸೆಪ್ಟೆಂಬರ್ ತಿಂಗಳು ನೆನಪಿನಲ್ಲಿ ಉಳಿಯಬೇಕಾದುದು. ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ ಪ್ರಕಟವಾಗಿ ಆ ವರ್ಷದ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಿದ್ದವು. ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಆಹ್ವಾನಿಸಿದಾಗ ಸಂಪ್ರದಾಯನಿಷ್ಠರಲ್ಲಿ ಒಂದು ವರ್ಗ ತೀವ್ರವಾಗಿ ವಿರೋಧಿಸಿತು; ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಎರಡೇ ದಿನಗಳ ನಂತರ, 24ರಂದು ಭೈರಪ್ಪನವರು ನಿಧನರಾದರು.

ಈ ವಿರೋಧದ ಚರ್ಚೆಯಲ್ಲಿ ಬಾನು ಅವರು ಭಾಷಣವೊಂದರಲ್ಲಿ ಭುವನೇಶ್ವರಿಯ ಕಲ್ಪನೆಯ ಬಗ್ಗೆ ಆಡಿದ್ದ ಮಾತು ಪ್ರಧಾನವಾಗಿತ್ತು. ಅವರ ಕಥೆಗಳು ಹೆಚ್ಚಾಗಿ ಪ್ರಸ್ತಾಪಕ್ಕೆ ಬರಲಿಲ್ಲ. ಒಂದು ಮಾತನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇದೆ. ಆದರೆ ಆ ಕಥೆಗಳನ್ನು ಬಿಡಿಸಿದ್ದರೆ, ಮನೆಯೊಳಗೆ ಒಬ್ಬಂಟಿಯಾಗಿ ಹೆಣಗುವ ಹೆಂಗಸರನ್ನು ಅಲ್ಲಿಯೂ ಕಾಣಬಹುದಿತ್ತು. ‘ಗೃಹಭಂಗ’ದ ನಂಜಮ್ಮನಿಗಾಗಿ ಮರುಗಿದ ಓದುಗನಿಗೆ ಅವರು ಅಪರಿಚಿತರಾಗಿ ತೋರುವ ಕಾರಣವಿಲ್ಲ. ಆ ಶ್ಯಾನುಭೋಗರ ಮನೆಗೂ ಹಾಸನದ ಮುಸ್ಲಿಂ ಮೊಹಲ್ಲಾಕ್ಕೂ ಇರುವ ದೂರ ಹೆಚ್ಚೇನಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯ ಸಂಪ್ರದಾಯನಿಷ್ಠ ಓದು ಏಕರೂಪವಾದುದಲ್ಲ; ಶಾಂಕರಭಾಷ್ಯ, ಕಗ್ಗ, ಭಾರತ-ಭಾರತಿ, ಭೈರಪ್ಪನವರ ಕಾದಂಬರಿಗಳು ಇವುಗಳ ನಡುವೆ ಪರಸ್ಪರ ಒಪ್ಪದ ಅಂಶಗಳು ಹಲವಿವೆ. ಎರಡನೆಯದಾಗಿ, ಆ ಓದಿನ ಉತ್ತಮ ಘಟ್ಟಗಳಲ್ಲಿ ಪ್ರಶ್ನೆ ಹೊರಗಿನಿಂದ ಬರಲಿಲ್ಲ, ಒಳಗಿನಿಂದಲೇ ಹುಟ್ಟಿತು. ಮೂರನೆಯದಾಗಿ, ಕೇಳುಗರ ಸಭೆಯಿಂದ ಏಕಾಂತದ ಓದಿಗೆ, ಅಲ್ಲಿಂದ ಓದದೆಯೇ ಉಲ್ಲೇಖಿಸುವ ಸ್ಥಿತಿಗೆ ನಡೆದ ಪಲ್ಲಟದಲ್ಲಿ ಅರ್ಥ ಹೇಳುವವನ ಉತ್ತರದಾಯಿತ್ವ ಕ್ಷೀಣಿಸಿದೆ. ಮೊಬೈಲಿನಲ್ಲಿ ಬಂದ ತುಣುಕಿಗೆ ಅರ್ಥ ಹೇಳಿದವರು ಯಾರೆಂದು ತಿಳಿಯದು. ಅವರನ್ನು ಎದುರು ಕೂರಿಸಿ ಕೇಳುವ ಜಗಲಿಯೂ ಇಲ್ಲ.

ಸಂಪ್ರದಾಯವನ್ನು ಉಳಿಸಬೇಕೆನ್ನುವವರು ಗ್ರಂಥಗಳೊಡನೆ ಅವುಗಳನ್ನು ಓದುತ್ತಿದ್ದ ಕ್ರಮವನ್ನೂ ಉಳಿಸುವುದು ಅಗತ್ಯ. ಇಂದಿಗೂ ಕಗ್ಗದ ಸಭೆಗಳು, ಗಮಕದ ಕಾರ್ಯಕ್ರಮಗಳು ನಡೆಯುತ್ತಿವೆ. ಅಲ್ಲಿ ಕುಮಾರವ್ಯಾಸನ ಜೊತೆಗೆ ‘ದಾಟು’ ಕಾದಂಬರಿಯನ್ನೂ ಬಾನು ಮುಷ್ತಾಕರ ಒಂದು ಕಥೆಯನ್ನೂ ಓದಿ, ನೆರೆದವರೆದುರು ಅರ್ಥ ಹೇಳಿ, ಅವರ ಆಕ್ಷೇಪಣೆಗೆ ಉತ್ತರಿಸುವುದು ಅಸಾಧ್ಯವೇನಲ್ಲ. ಅಂತಹ ಸಭೆಗಳನ್ನು ದಾಖಲಿಸುವ ಕೆಲಸವನ್ನು ಜಾನಪದ ಅಧ್ಯಯನವೂ ಕೈಗೆತ್ತಿಕೊಳ್ಳಬೇಕಾಗಿದೆ.